ಹೆರಿಗೆ ಎಲ್ಲಿ, ಹೇಗೆ ಅಂತ ಕೇಳಿದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಹೆರಿಗೆಗೆ ಬೆಂಗಳೂರಲ್ಲೇ ಇರಲಾ, ಊರಿಗೆ ಬರಲಾ ಅಂತ ಕೇಳಿದ್ದೆ. ಫೋನಲ್ಲಿ ಅರ್ಧ ಮಾತು ಕಟ್ ಆಗುತ್ತದೆ, ಉಳಿದರ್ಧಕ್ಕೆ ನಿನ್ನ ಅಜ್ಜಿ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ನನಗೂ ಆಸೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿನಗೆ ದಿನ ತುಂಬುವುದು ಜುಲೈ ಕೊನೆಗೆ. ಹೊಸನಗರದ ಈ ಮೂಲೆಯಿಂದ ಶಿವಮೊಗ್ಗಕ್ಕೆ ಒಳ್ಳೆ ದಿನದಲ್ಲೇ ಎರಡು ಗಂಟೆ ಬೇಕು. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಅಡ್ಡ ಬಿದ್ದರೆ ಕಡಿದು ಸರಿಸುವ ತನಕ ಕಾಯಬೇಕು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಆಮೇಲೆ 108ಕ್ಕೆ ಫೋನ್ ಮಾಡುವುದಕ್ಕೂ ಗುಡ್ಡ ಹತ್ತಬೇಕು. ಹಾಗಾಗಿ ಊರಿಗೆ ಬರುವುದಾದರೆ ನನ್ನದೊಂದು ಲೆಕ್ಕ ಇದೆ. ಜೂನ್ ಮಧ್ಯಕ್ಕೆ, ಡಾಕ್ಟರು ಹೂಂ ಅಂದರೆ, ರೈಲಿನಲ್ಲಿ ಶಿವಮೊಗ್ಗಕ್ಕೆ ಬಾ. ಚಿಕ್ಕಮ್ಮನ ಮನೆಯಲ್ಲಿ ಇಬ್ಬರೂ ಇರೋಣ. ಬಾಣಂತನಕ್ಕೆ ಊರಿಗೆ ಬಂದರಾಯಿತು. ಆಫೀಸಿನ 26 ವಾರದ ರಜೆಯಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು, ವಿಚಾರಿಸು. ಇಲ್ಲ, ಬೆಂಗಳೂರೇ ಸರಿ ಅಂದರೆ ನಾನೇ ಅಲ್ಲಿಗೆ ಬರುತ್ತೇನೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಸಮಯ, ನಿನ್ನ ಅಪ್ಪ ಗೊಣಗುತ್ತಾರೆ. ಗೊಣಗಲಿ.

ಆಸ್ಪತ್ರೆ ಆರಿಸುವಾಗ ಎಲ್ಲರೂ ಕೇಳುವುದು ಒಂದೇ, 'ನಾರ್ಮಲ್ ಆಗುತ್ತಾ ಡಾಕ್ಟ್ರೇ?' ಅದಕ್ಕೆ ಯಾವ ಡಾಕ್ಟರು ತಾನೇ ಏನು ಹೇಳಿಯಾರು? ನೀನು ಬೇರೆ ಥರ ಕೇಳು. ಎಂಥ ಸಂದರ್ಭದಲ್ಲಿ ಸಿಸೇರಿಯನ್ ಮಾಡುತ್ತೀರಿ? ರಾತ್ರಿ ಎರಡು ಗಂಟೆಗೆ ಬೇಕಾದರೆ ಅರಿವಳಿಕೆ ಡಾಕ್ಟರು ಇರುತ್ತಾರಾ, ರಕ್ತ ಸಿಗುತ್ತಾ? ನೋವು ಶುರುವಾದ ಮೇಲೆ ಓಡಾಡಲು ಬಿಡುತ್ತೀರಾ, ಮಲಗಿಯೇ ಇರಬೇಕಾ? ಕೆಳಗೆ ಕೊಯ್ದು ಹೊಲಿಗೆ ಹಾಕುವುದು ಎಲ್ಲರಿಗೂ ಮಾಡುತ್ತೀರಾ, ಅಗತ್ಯ ಇದ್ದವರಿಗೆ ಮಾತ್ರವಾ? ಎಲ್ಲರಿಗೂ ಹಾಗೆ ಕೊಯ್ಯಬೇಕಾಗಿಲ್ಲ, ಬಸುರಿ ಬಯಸಿದವರು ಜೊತೆಗಿರಲು ಬಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನೀನು ಹುಟ್ಟುವಾಗ ನನಗೆ ಯಾಕೆ ಕೊಯ್ದರು, ಎಷ್ಟು ಹೊಲಿಗೆ ಹಾಕಿದರು ಅಂತ ಒಬ್ಬರೂ ಹೇಳಲಿಲ್ಲ. ಕೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನೀನು ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಎಷ್ಟೇ ಒಳ್ಳೆ ಎಸಿ ರೂಮಿರಲಿ, ನನಗಂತೂ ಮನಸ್ಸಿಲ್ಲ.

ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರಿಯಬೇಡ. ಶಿವಮೊಗ್ಗದ ಮೆಗ್ಗಾನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದಲೂ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧಿ ಎಲ್ಲಾ ಉಚಿತ. ತಾಯಿ-ಮಗುವನ್ನು ಮನೆಗೆ ಬಿಡಲು 'ನಗು-ಮಗು' ವಾಹನವೂ ಇದೆ. ಆದರೆ ಅಲ್ಲಿ ಹೆರಿಗೆ ಕೋಣೆಗೆ ಜೊತೆಗೆ ಬಿಡುವುದು ಸಾಮಾನ್ಯವಾಗಿ ಹೆಂಗಸರನ್ನು, ಅದರಲ್ಲೂ ಹೆತ್ತ ಅನುಭವ ಇದ್ದವರನ್ನು. ಗಂಡನೇ ಪಕ್ಕದಲ್ಲಿರಬೇಕು ಅಂತಿದ್ದರೆ ಮೊದಲೇ ಕೇಳಿಕೋ.

ಎಲ್ಲಿಗೇ ಹೋಗು, ತಾಯಿ ಕಾರ್ಡ್ ಮಾಡಿಸಿರಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ತೂಕ ಎಲ್ಲಾ ಅದರಲ್ಲೇ ಇರುತ್ತದೆ. ಇಲ್ಲಿಗೆ ಬರುವಾಗ ಸೀರೆ ಮರೆತರೂ ಅದನ್ನು ಮರೆಯಬೇಡ. ಸಣ್ಣಪುಟ್ಟ ಅನುಮಾನಕ್ಕೆ 104 ಆರೋಗ್ಯ ಸಹಾಯವಾಣಿ ಇದೆ, ಹೊತ್ತಲ್ಲದ ಹೊತ್ತಲ್ಲೂ ಕೇಳಬಹುದು. ಇಲ್ಲಿ ನಮ್ಮ ಆಶಾ ಕಾರ್ಯಕರ್ತೆ ಇದ್ದಾಳೆ, ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯೂ ಇರುತ್ತದೆ. ಆದರೆ ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಗು ಆಡುವುದು ಕಡಿಮೆ ಅನ್ನಿಸಿದರೆ ಯಾರನ್ನೂ ಕೇಳುತ್ತಾ ಕೂರಬೇಡ. ನೇರ ಆಸ್ಪತ್ರೆಗೆ ಹೋಗು, ನನಗೆ ಆಮೇಲೆ ಹೇಳು.

ಇನ್ನು ನೆಂಟರು. ನಿನ್ನ ಹೊಟ್ಟೆ ನೋಡಿ ಗಂಡೇ ಅಂತ ಒಬ್ಬರು ಆಗಲೇ ತೀರ್ಪು ಕೊಟ್ಟಾಗಿದೆ. ಇನ್ನೊಬ್ಬರು, 'ಹೇಗೂ ಆಪರೇಷನ್ ಆಗೋದಾದ್ರೆ ಒಳ್ಳೆ ನಕ್ಷತ್ರ ನೋಡಿ ಮಾಡಿಸಿ, ಮೂಲಾ ತಪ್ಪಿಸಿ' ಅಂತ ಪಂಚಾಂಗ ಹಿಡಿದು ಬಂದಿದ್ದರು. ಹೇಗೂ ಅಂದರೆ ಏನು? ಆಪರೇಷನ್ ಅಂತ ಹೇಳಿದವರು ಯಾರು? ಕಾರಣ ಇಲ್ಲದೆ 39 ವಾರಕ್ಕೆ ಮುಂಚೆ ಸಿಸೇರಿಯನ್ ಮಾಡಿದರೆ ಮಗುವಿಗೆ ಉಸಿರಾಟದ ತೊಂದರೆ ಆಗುವುದು ಜಾಸ್ತಿ. ಕಾಫಿ ಕೊಟ್ಟು ಕಳಿಸಿದೆ. ಹಾಗಂತ ಡಾಕ್ಟರು ಬೇಕೇ ಬೇಕು ಅಂದಾಗ ಸಿಸೇರಿಯನ್ ಬೇಡ ಅಂತ ಹಟ ಹಿಡಿಯುವುದೂ ಸಲ್ಲ. ಕಾರಣ ಕೇಳು, ಓದಿ ನೋಡು, ಆಮೇಲೆ ಸಹಿ ಹಾಕು.

ಬಾಣಂತನದಲ್ಲಿ ಎಣ್ಣೆ ನೀರು, ಮೆಣಸಿನ ಸಾರು ಎಲ್ಲಾ ಅಜ್ಜಿ ಹೇಳಿದ ಹಾಗೆಯೇ ಮಾಡೋಣ. ನೀರು ಕುಡಿಯಬಾರದು, ಮಗುವಿಗೆ ಹೊಗೆ ಹಾಕಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಜ್ಜಿಗೆ ಹೇಳುವ ಕೆಲಸ ನನಗೆ ಬಿಡು. ಮಗು ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಹಾಲು ಕುಡಿಸಬೇಕು, ಆ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಸುಮ್ನೆ ಅಳು ಬರುತ್ತಿದ್ದರೆ, ನಿದ್ದೆ ಹತ್ತದಿದ್ದರೆ ನನಗೆ ಹೇಳು. ನಮ್ಮಲ್ಲಿ ಬಾಣಂತಿ ಸನ್ನಿ ಅಂತ ಹೆಸರಿಟ್ಟು ಮುಚ್ಚಿಡುತ್ತಿದ್ದರು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಸೀಮಂತಕ್ಕೆ ಮೇ ತಿಂಗಳಲ್ಲಿ ಬರುತ್ತೀಯಲ್ಲ, ಸೊಪ್ಪಿನಬೆಟ್ಟದ ಕಡೆ ಕಾಲಿಡಬೇಡ. ಉಣುಗಿನ ಕಾಲ, ಅದು ಕಚ್ಚಿದರೆ ಮಂಗನ ಕಾಯಿಲೆ ಭಯ. ಮೊನ್ನೆಯ ಸ್ಕ್ಯಾನ್ ರಿಪೋರ್ಟ್ ಫೋಟೋ ತೆಗೆದು ಚಿಕ್ಕಮ್ಮನ ವಾಟ್ಸಾಪಿಗೆ ಹಾಕು. ಶಿವಮೊಗ್ಗದ ಡಾಕ್ಟರಿಗೆ ತೋರಿಸಿ, ಹೊಸಬರನ್ನು ಯಾವ ವಾರದವರೆಗೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿಸುತ್ತೇನೆ.

ನಿನ್ನ
ಅಮ್ಮ