ಗೋವಾದ ಕೊನೆಯ ಗವರ್ನರ್ ಹೇಡಿಯಲ್ಲ

ಮಾನ್ಯ ಸಂಪಾದಕರೇ,

ಗೋವಾ ವಿಮೋಚನಾ ದಿನದ ನಿಮ್ಮ ವಿಶೇಷ ಪುಟ ಓದಿದೆ. ನಮ್ಮ ಸೈನ್ಯದ ಕಾರ್ಯಾಚರಣೆಯ ವಿವರ ಚೆನ್ನಾಗಿ ಬಂದಿದೆ. ಆದರೆ ಆಗಿನ ಪೋರ್ಚುಗೀಸ್ ಗವರ್ನರ್ ಹೆದರಿ ಶರಣಾದ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ.

ಆ ಗವರ್ನರ್ ಮನುವೆಲ್ ಆಂಟೊನಿಯೊ ವಸ್ಸಾಲೊ ಇ ಸಿಲ್ವಾ ಅಧಿಕಾರಕ್ಕೆ ಬಂದದ್ದು 1958ರಲ್ಲಿ. ಅಷ್ಟೊತ್ತಿಗೆ ಬ್ರಿಟಿಷರು ಹೋಗಿ ಹತ್ತು ವರ್ಷ ದಾಟಿತ್ತು. ಫ್ರೆಂಚರೂ ಪಾಂಡಿಚೇರಿ ಬಿಟ್ಟುಕೊಟ್ಟಿದ್ದರು. ಲಿಸ್ಬನ್‌ನಲ್ಲಿ ಕೂತಿದ್ದ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಮಾತ್ರ ಗೋವಾ ಬಿಡಲಾರೆ ಎಂದು ಹಟ ಹಿಡಿದಿದ್ದರು. 1961ರ ಡಿಸೆಂಬರ್ 14ರಂದು ಗವರ್ನರ್‌ಗೆ ಅವರ ಸಂದೇಶ ಬಂತು. ಶರಣಾಗತಿಯ ಮಾತೇ ಬೇಡ, ನಮ್ಮವರು ಗೆಲ್ಲಬೇಕು, ಇಲ್ಲಾ ಸಾಯಬೇಕು ಎಂಬುದು ಅದರ ಸಾರ. ಎಂಥ ಕ್ರೂರ ಆದೇಶ! ಗವರ್ನರ್ ಹತ್ತಿರ ಇದ್ದದ್ದು ಮೂರು ಸಾವಿರ ಚಿಲ್ಲರೆ ಸೈನಿಕರು, ಒಂದು ಹಳೇ ಯುದ್ಧನೌಕೆ. ಯುದ್ಧ ವಿಮಾನ ಒಂದೂ ಇರಲಿಲ್ಲ.

ಅವರ ಸೈನಿಕರು ಸೇತುವೆಗಳನ್ನು ಸಿಡಿಸಿದ್ದು ನಿಜ. ಆದರೆ ಪಣಜಿಯ ಬೀದಿಗಳಲ್ಲಿ ರಕ್ತದ ಕೋಡಿ ಹರಿಯಲಿಲ್ಲ. ಡಿಸೆಂಬರ್ 19ರ ರಾತ್ರಿ ವಾಸ್ಕೋದಲ್ಲಿ ಅವರು ಶರಣಾದರು. ಊರಿಗೆ ಹೋದರೆ ತನಗೇನು ಕಾದಿದೆ ಎಂದು ಆ ಹೊತ್ತಿಗೆ ಅವರಿಗೆ ಗೊತ್ತಿರಲಿಲ್ಲವೇ? 1963ರಲ್ಲಿ ಸಲಜಾರ್ ಸರ್ಕಾರ ಅವರನ್ನು ಸೇನೆಯಿಂದಲೇ ಹೊರಹಾಕಿತು. 1974ರಲ್ಲಿ ಅಲ್ಲಿ ಕ್ರಾಂತಿಯಾದ ಮೇಲಷ್ಟೇ ಹುದ್ದೆಯ ಗೌರವ ಮರಳಿ ಸಿಕ್ಕಿತು.

ನಾನು ಕಾರವಾರದವನು, ಮೀನುಗಾರರ ಮನೆಯವನು. 1961ರ ನವೆಂಬರ್‌ನಲ್ಲಿ ನಮ್ಮ ಕಣ್ಣೆದುರಿನ ಅಂಜುದೀವ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಎಂಬ ಭಾರತೀಯ ಹಡಗಿನ ಮೇಲೆ ಗುಂಡು ಹಾರಿಸಿದರು. ಆಮೇಲೆ ಮೀನುಗಾರರ ಮೇಲೂ ಹಾರಿಸಿದರು. ಅಪ್ಪ ದೋಣಿ ಇಳಿಸಲು ಹೆದರುತ್ತಿದ್ದ ಕಾಲ ಅದು. ಡಿಸೆಂಬರ್ 18ರಂದು ಅದೇ ದ್ವೀಪದಲ್ಲಿ ನಮ್ಮ ಏಳು ಜನ ನಾವಿಕರು ಸತ್ತರು. ಇದೆಲ್ಲ ನಡೆದದ್ದು ಈ ಗವರ್ನರ್ ಆಡಳಿತದಲ್ಲೇ. ಆ ಹೊಣೆಯನ್ನು ಯಾರೂ ಅಳಿಸಬೇಕಾಗಿಲ್ಲ, ನಾನಂತೂ ಅಳಿಸುವುದಿಲ್ಲ. ಆದರೆ 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರ್ ಅನ್ನೂ ನಿಮ್ಮ ಲೇಖನ ಅವರ ತಲೆಗೇ ಕಟ್ಟಿದೆ. ಆಗ ಗವರ್ನರ್ ಆಗಿದ್ದವರು ಪಾವ್ಲೊ ಬೆನಾರ್ ಗೆಡಿಸ್, ಇವರಲ್ಲ. ಇದನ್ನು ದಯವಿಟ್ಟು ತಿದ್ದಿ.

1980ರಲ್ಲಿ ವಸ್ಸಾಲೊ ಇ ಸಿಲ್ವಾ ಮತ್ತೆ ಗೋವಾಕ್ಕೆ ಬಂದಿದ್ದರು. ಅಲ್ಲಿನ ಜನ ಆದರದಿಂದಲೇ ಬರಮಾಡಿಕೊಂಡರು. ನಮ್ಮ ಪತ್ರಿಕೆಗಳಿಗೂ ಅಷ್ಟು ದೊಡ್ಡ ಮನಸ್ಸು ಇರಬೇಕು ಅಲ್ವಾ? ಮುಂದಿನ ಡಿಸೆಂಬರ್‌ನಲ್ಲಿ ಅವರ ಬಗ್ಗೆ ಪೂರ್ತಿ ಲೇಖನ ಕೊಡಿ. ಅಂಜುದೀವದ ಆ ಏಳು ನಾವಿಕರ ಹೆಸರುಗಳನ್ನೂ ಅದೇ ಪುಟದಲ್ಲಿ ಹಾಕಿ.

– ನಿವೃತ್ತ ಶಿಕ್ಷಕ, ಕಾರವಾರ