ಹಾಸಿಗೆಯ ಲೆಕ್ಕಕ್ಕಿಂತ ಮೊದಲು ಬಾಗಿಲು ನೋಡಿ

ಮಾನ್ಯ ಸಂಪಾದಕರೇ,

ಅಂತರ್ಯುದ್ಧ, ಸಶಸ್ತ್ರ ಗಲಭೆಗಳ ಸುದ್ದಿ ಬಂದಾಗಲೆಲ್ಲ ಆಸ್ಪತ್ರೆಗಳಲ್ಲಿ ಹಾಸಿಗೆ ಎಷ್ಟಿವೆ ಎಂಬುದೇ ಚರ್ಚೆಯಾಗುತ್ತದೆ. ಗಂಟೆಯೊಳಗೆ ಐವತ್ತು ಗಾಯಾಳುಗಳು ಬಂದರೆ ಆಸ್ಪತ್ರೆ ಮೊದಲು ಕಂಗೆಡುವುದು ಬಾಗಿಲಲ್ಲಿ, ವಾರ್ಡಿನಲ್ಲಲ್ಲ.

ಮೊದಲು ತಲುಪುವವರು ಸಾಮಾನ್ಯವಾಗಿ ನಡೆದೋ ಸಿಕ್ಕ ವಾಹನ ಹತ್ತಿಯೋ ಬರುವ ಸಣ್ಣ ಗಾಯದವರು. ಅವರನ್ನೆಲ್ಲ ಒಳಗೆ ಬಿಟ್ಟುಕೊಂಡರೆ, ಆಮೇಲೆ ಸ್ಟ್ರೆಚರ್ ಮೇಲೆ ಬರುವವರಿಗೆ ಜಾಗವಿರುವುದಿಲ್ಲ. ಯಾರಿಗೆ ಮೊದಲು ಚಿಕಿತ್ಸೆ ಎಂಬ ವಿಂಗಡಣೆ ಹೊರಗೇ ಆಗಬೇಕು, ಅದನ್ನು ಅನುಭವಿ ವೈದ್ಯರೊಬ್ಬರೇ ಮಾಡಬೇಕು. ಒಬ್ಬೊಬ್ಬರಿಗೆ ಒಂದು ನಿಮಿಷ ಸಾಕು: ನಡೆಯಬಲ್ಲರೇ, ಉಸಿರು ನಿಮಿಷಕ್ಕೆ 30 ದಾಟಿದೆಯೇ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ, ಹೇಳಿದಂತೆ ಕೈ ಎತ್ತುತ್ತಾರೆಯೇ. ಉಸಿರಿನ ದಾರಿ ಬಿಡಿಸುವುದು, ಸುರಿಯುವ ರಕ್ತ ತಡೆಯುವುದು, ಇಷ್ಟು ಬಿಟ್ಟರೆ ಅಲ್ಲಿ ಬೇರೆ ಚಿಕಿತ್ಸೆ ಕೂಡದು. ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ಸಣ್ಣ ಗಾಯದವರು), ಕಪ್ಪು (ಸತ್ತವರು, ಉಳಿಯುವ ಆಸೆ ಇಲ್ಲದವರು) ಚೀಟಿಗಳಲ್ಲಿ ಒಂದನ್ನು ಕಟ್ಟಿ ಮುಂದೆ ಕಳಿಸಬೇಕು. ಹೊಸ ವೈದ್ಯರು ಹೆಚ್ಚು ಕಿರುಚುವವರತ್ತ ಓಡುತ್ತಾರೆ. ಕಿರುಚುವವರಿಗೆ ಸದ್ಯಕ್ಕೆ ಉಸಿರಂತೂ ಆಡುತ್ತಿದೆ. ನೋಡಬೇಕಾದ್ದು ಸುಮ್ಮನೆ ಬಿದ್ದವರನ್ನು. ಕಪ್ಪು ಚೀಟಿಯವರಲ್ಲಿ ಜೀವವಿದ್ದವರಿಗೆ ನೋವಿನ ಔಷಧ ಕೊಡಲೇಬೇಕು, ಆಗಾಗ ಮತ್ತೆ ನೋಡಬೇಕು.

ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಅರೆಬರೆ ಬಿಗಿಯಾದರೆ ಇನ್ನೂ ಕೇಡು. ಹೃದಯಕ್ಕೆ ಹಿಂದಿರುಗುವ ರಕ್ತ ನಿಲ್ಲುತ್ತದೆ, ಹೃದಯದಿಂದ ರಕ್ತ ತರುವ ಅಪಧಮನಿ ಮಾತ್ರ ಹರಿಯುತ್ತಲೇ ಇರುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ಕಟ್ಟಿದ ಹೊತ್ತನ್ನು ಚೀಟಿಯ ಮೇಲೆ ಬರೆಯಬೇಕು. 2 ಗಂಟೆ ಮೀರಿದರೆ ಸ್ನಾಯು, ನರಗಳಿಗೆ ಅಪಾಯ. ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಅನ್ನು 10 ನಿಮಿಷದಲ್ಲಿ ರಕ್ತನಾಳಕ್ಕೆ ಕೊಡಬೇಕು, ಅದೂ ಗಾಯವಾದ 3 ಗಂಟೆಯೊಳಗೆ. ತಡವಾಗಿ ಕೊಟ್ಟರೆ ಕೇಡೇ ಹೆಚ್ಚು.

ಆಪರೇಷನ್ ಥಿಯೇಟರಿನಲ್ಲಿ ಪದೇ ಪದೇ ಆಗುವ ತಪ್ಪು, ಗುಂಡಿನ ಗಾಯವನ್ನು ಅಂದೇ ಹೊಲಿದುಬಿಡುವುದು. ಒಳಗೆ ಬಟ್ಟೆಯ ಚೂರು, ಮಣ್ಣು, ಸತ್ತ ಮಾಂಸ ಉಳಿದಿರುತ್ತದೆ. ಮುಚ್ಚಿದ ಗಾಯದಲ್ಲಿ ಮಾಂಸ ಕೊಳೆಸುವ ಮಾರಕ ಸೋಂಕು, ಗ್ಯಾಸ್ ಗ್ಯಾಂಗ್ರೀನ್, ಹುಟ್ಟಬಹುದು. ಸತ್ತದ್ದನ್ನು ಕತ್ತರಿಸಿ ತೆಗೆದು, ತೊಳೆದು, ತೆರೆದೇ ಇಟ್ಟು, ಶುದ್ಧವಾಗಿದ್ದರೆ 4–5 ದಿನದ ಮೇಲೆ ಹೊಲಿಯಬೇಕು. ಹೊಟ್ಟೆಯ ಗಾಯವಾದರೆ ರಕ್ತ ನಿಲ್ಲಿಸಿ, ಕರುಳಿನ ಸೋರಿಕೆ ಕಟ್ಟಿ ಹೊರಬರಬೇಕು. ಶಸ್ತ್ರಕ್ರಿಯೆ ಉದ್ದವಾದಷ್ಟೂ ಮೈ ತಣ್ಣಗಾಗುತ್ತದೆ, ತಣ್ಣಗಾದಂತೆ ರಕ್ತ ಹೆಪ್ಪುಗಟ್ಟುವುದು ಕುಂದುತ್ತದೆ. ಉಳಿದ ರಿಪೇರಿ ನಾಳೆಗೆ. ಟೆಟನಸ್ ಲಸಿಕೆ ಮರೆಯಬಾರದು.

ಯಾರೂ ಗಮನಿಸದ ವಿಷಯ ಚೀಟಿಯ ಸಂಖ್ಯೆ. ‘ಅಪರಿಚಿತ’ ಎಂದು ಹತ್ತು ಜನರನ್ನು ಬರೆದುಕೊಂಡರೆ ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುತ್ತದೆ. ಮೊದಲೇ ಸಂಖ್ಯೆ ಮುದ್ರಿಸಿದ ಚೀಟಿ, ರಕ್ತದ ಮಾದರಿಗೆ ಅದೇ ಸಂಖ್ಯೆಯ ಬಾಟಲಿ, ಅವರ ಬಟ್ಟೆಬರೆ ಇಡಲು ಅದೇ ಸಂಖ್ಯೆಯ ಚೀಲ ಇರಬೇಕು. ಒಳಜಗಳದಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಉಂಟು: ಹೆಸರು ಹೇಳಿದರೆ ಯಾವ ಪಕ್ಷದವರೆಂದು ಗೊತ್ತಾಗಿಬಿಡುತ್ತದೆ, ಸಂಖ್ಯೆ ಹೇಳಿದರೆ ಇಲ್ಲ. ದಾಖಲೆ ಪುಸ್ತಕ ಬಾಗಿಲಿನ ಮೇಜಿನ ಮೇಲಿರಬಾರದು. ತಮ್ಮವನನ್ನೇ ಮೊದಲು ನೋಡಿ ಎಂದು ಬಂದೂಕು ಹಿಡಿದು ಬರುವವರು ಇದ್ದೇ ಇರುತ್ತಾರೆ. ಬಂದೂಕು ಗೇಟಿನ ಆಚೆಯೇ ಉಳಿಯಬೇಕು. 1949ರ ಜಿನೀವಾ ಒಪ್ಪಂದಗಳ 3ನೇ ವಿಧಿ ಆಂತರಿಕ ಸಂಘರ್ಷದಲ್ಲೂ ಗಾಯಾಳುಗಳನ್ನು ಭೇದವಿಲ್ಲದೆ ಉಪಚರಿಸಬೇಕೆನ್ನುತ್ತದೆ. ಬಂಧುಗಳಿಗೆ ಬೇರೆ ಬಾಗಿಲು, ಮಾಹಿತಿಗೆ ಒಬ್ಬರು ಇದ್ದರೆ ಅರ್ಧ ನೂಕುನುಗ್ಗಲು ಇಳಿಯುತ್ತದೆ.

ಅಣಕು ಕಾರ್ಯಾಚರಣೆಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲ ಸಿಬ್ಬಂದಿ ಇರುವಾಗ ನಡೆಯುತ್ತವೆ. ರಾತ್ರಿ ಎರಡು ಗಂಟೆಗೆ, ಪಾಳಿಯಲ್ಲಿ ಇಬ್ಬರೇ ವೈದ್ಯರಿರುವಾಗ ಒಮ್ಮೆ ಮಾಡಿ ನೋಡಲಿ.

ಇಂತಿ,
ತುರ್ತು ಚಿಕಿತ್ಸೆಯ ವೈದ್ಯರು