‘ಗಾಳಿಯ ರೋಧವನ್ನು ಕಡೆಗಣಿಸಿ’ ಎಂಬ ಷರತ್ತು ಎಲ್ಲಿಯವರೆಗೆ?

ಮಾನ್ಯ ಸಂಪಾದಕರೇ,

ಪ್ರಥಮ ಪಿಯುಸಿ ಭೌತವಿಜ್ಞಾನದಲ್ಲಿ ಎಸೆದ ವಸ್ತುವಿನ ಚಲನೆಯನ್ನು ಗಾಳಿಯ ರೋಧ ಇಲ್ಲವೆಂಬ ಷರತ್ತಿನ ಮೇಲೆ ಕಲಿಸಲಾಗುತ್ತದೆ. ಷರತ್ತಿನ ಬಗ್ಗೆ ನನ್ನ ತಕರಾರಿಲ್ಲ. ಅದು ಯಾವ ವಸ್ತುವಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಲೆಕ್ಕ ಹಾಕಿ ನೋಡುವ ಅವಕಾಶ ವಿದ್ಯಾರ್ಥಿಗೆ ಸಿಗುವುದಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಲೆಕ್ಕ ಕಷ್ಟದ್ದಲ್ಲ. ಗಾಳಿಯ ಸಾಂದ್ರತೆ, ವಸ್ತುವಿನ ಅಡ್ಡಕೊಯ್ತದ ವಿಸ್ತೀರ್ಣ, ವೇಗದ ವರ್ಗ ಮತ್ತು ಆಕಾರವನ್ನು ಅವಲಂಬಿಸಿದ ಒಂದು ಗುಣಾಂಕ, ಇವುಗಳ ಗುಣಲಬ್ಧದ ಅರ್ಧವೇ ರೋಧದ ಬಲ. ಗುಂಡು ಎಸೆತದಲ್ಲಿ ಪುರುಷರು ಬಳಸುವ 7.26 ಕಿಲೋಗ್ರಾಂ ಗುಂಡು ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಹೊರಟರೂ ಈ ಬಲ ಅದರ ತೂಕದ ಶೇಕಡಾ 1ನ್ನೂ ಮುಟ್ಟುವುದಿಲ್ಲ. ಅಲ್ಲಿ ಪಠ್ಯದ ಪರವಲಯ, ಅಂದರೆ ಗಾಳಿಯಿಲ್ಲದಾಗ ವಸ್ತು ಹಿಡಿಯುವ ಬಾಗಿದ ಹಾದಿ, ನಿಶ್ಚಿಂತೆಯಿಂದ ನಿಲ್ಲುತ್ತದೆ. ಸುಮಾರು 160 ಗ್ರಾಂ ತೂಗುವ ಕ್ರಿಕೆಟ್ ಚೆಂಡು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬ್ಯಾಟಿನಿಂದ ಹೊರಟಾಗ ಮಾತ್ರ ಗಾಳಿಯ ರೋಧ ಚೆಂಡಿನ ತೂಕವನ್ನೇ ಮೀರುತ್ತದೆ. 45 ಡಿಗ್ರಿ ಕೋನದಲ್ಲಿ ಹೊಡೆದ ಆ ಚೆಂಡು ಗಾಳಿಯನ್ನು ಬಿಟ್ಟ ಪಠ್ಯದ ಸೂತ್ರದ ಪ್ರಕಾರ 163 ಮೀಟರ್ ದೂರ ಹೋಗಬೇಕು, ಗುಣಾಂಕವನ್ನು 0.45 ಎಂದಿಟ್ಟು ಲೆಕ್ಕ ಹಾಕಿದರೆ ಅದು 90 ಮೀಟರಿನ ಆಸುಪಾಸಿನಲ್ಲಿ ಬೀಳುತ್ತದೆ, ಅದೂ ಏರಿದ್ದಕ್ಕಿಂತ ಕಡಿದಾಗಿ, 58 ಡಿಗ್ರಿಯಷ್ಟು ಕೋನದಲ್ಲಿ. ಬೌಂಡರಿ ಗೆರೆಯ ಬಳಿ ಕ್ಯಾಚಿಗೆ ಕಾದು ನಿಲ್ಲುವ ಹುಡುಗನಿಗೆ ಇದು ಅನುಭವದಿಂದಲೇ ಗೊತ್ತು. ಬ್ಯಾಡ್ಮಿಂಟನ್ನಿನ ಶಟಲ್‌ನದು ಇನ್ನೂ ಅತಿರೇಕದ ಕಥೆ: 5 ಗ್ರಾಂ ತೂಗುವ ಅದಕ್ಕೆ ಸೆಕೆಂಡಿಗೆ ಏಳು ಮೀಟರಿಗೂ ಕಡಿಮೆ ವೇಗದಲ್ಲೇ ರೋಧ ತೂಕಕ್ಕೆ ಸಮನಾಗುವುದರಿಂದ, ಎತ್ತರಕ್ಕೆ ಹೊಡೆದ ಶಟಲ್ ಕೊನೆಯಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತದೆ.

ಇದಕ್ಕೆ ಸೂತ್ರವಿಲ್ಲ, ಆದ್ದರಿಂದ ಕಲಿಸಲಾಗದು ಎನ್ನುವ ಉಪನ್ಯಾಸಕರಿದ್ದಾರೆ. ಅರ್ಧ ನಿಜ. ಅಡ್ಡ ಚಲನೆ ಮತ್ತು ಲಂಬ ಚಲನೆ ಒಂದನ್ನೊಂದು ಬಾಧಿಸುವುದಿಲ್ಲ ಎಂಬ ಅನುಕೂಲ ಇಲ್ಲಿ ಉಳಿಯುವುದಿಲ್ಲ. ರೋಧವು ಒಟ್ಟು ವೇಗದ ವರ್ಗವನ್ನು ಅನುಸರಿಸುವುದರಿಂದ ಎರಡೂ ಹೆಣೆದುಕೊಳ್ಳುತ್ತವೆ. ಆದರೆ ಕಾಲವನ್ನು 0.1 ಸೆಕೆಂಡಿನ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನಲ್ಲೂ ಬಲ, ವೇಗೋತ್ಕರ್ಷ, ಹೊಸ ವೇಗ, ಹೊಸ ಸ್ಥಾನ ಎಂದು ಬರೆದುಕೊಂಡು ಹೋದರೆ ಮೇಲಿನ ಉತ್ತರ ಬರುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಸಾಕು. ಅದೂ ಇಲ್ಲದಿದ್ದರೆ ಕ್ಯಾಲ್ಕುಲೇಟರ್ ಮತ್ತು ನೋಟ್‌ಬುಕ್. ಅಮೆರಿಕದ ಸೇನೆಯ ಫಿರಂಗಿ ಕೋಷ್ಟಕಗಳಿಗಾಗಿ ಇದೇ ಬಗೆಯ ಲೆಕ್ಕವನ್ನು ಮೊದಲು ಜನ ಕೈಯಿಂದ ಮಾಡುತ್ತಿದ್ದರು, ಅವರ ಕೆಲಸವನ್ನು ಹಗುರಗೊಳಿಸಲೆಂದೇ ಎನಿಯಾಕ್ ಕಂಪ್ಯೂಟರನ್ನು ಕಟ್ಟಲಾಯಿತು.

ಗಾಳಿಯನ್ನು ಮರೆಯುವುದು ಅಪಾಯ ಎಂದು ತೋರಿಸಿದವರಲ್ಲಿ ಪ್ರಮುಖ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಬಂದೂಕಿನ ಗುಂಡು ತಾಗಿದಾಗ ತೂಗಾಡುವ ಮರದ ಲೋಲಕದಿಂದ ಗುಂಡಿನ ವೇಗವನ್ನು ಅಳೆದು, ವೇಗದ ಗುಂಡುಗಳ ಮೇಲಿನ ರೋಧ ಅವುಗಳ ತೂಕದ ಎಷ್ಟೋ ಪಟ್ಟು ಹೆಚ್ಚೆಂದು ಆತ 1742ರಲ್ಲಿ ಪ್ರಕಟಿಸಿದ. ಆತನ ಗ್ರಂಥವನ್ನು ಜರ್ಮನ್ ಭಾಷೆಗೆ ತಂದವನು ಹೆಸರಾಂತ ಗಣಿತಜ್ಞ ಆಯ್ಲರ್. ರಾಬಿನ್ಸ್ ತೀರಿಕೊಂಡದ್ದು 1751ರಲ್ಲಿ, ನಮ್ಮ ನೆರೆಯ ತಮಿಳುನಾಡಿನ ಕಡಲೂರಿನ ಕೋಟೆಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ.

ನಾನು ಹೇಳಿದ ಮಾದರಿಯೂ ಪೂರ್ಣವಲ್ಲ. ಚೆಂಡಿನ ಹೊಲಿಗೆ, ತಿರುಗುವಿಕೆ, ಎದುರುಗಾಳಿ ಎಲ್ಲವೂ ಫಲಿತಾಂಶವನ್ನು ಬದಲಿಸುತ್ತವೆ. ಗುಣಾಂಕ ಕೂಡ ವೇಗದೊಡನೆ ಬದಲಾಗುತ್ತದೆ. ಯಾವುದನ್ನು ಬಿಟ್ಟೆವು, ಬಿಟ್ಟದ್ದರಿಂದ ಎಷ್ಟು ತಪ್ಪಿತು ಎಂದು ಅಳೆಯುವ ಅಭ್ಯಾಸವಾಗುವುದು ಇಲ್ಲಿಯೇ. ಸಿಇಟಿಯಂಥ ಬಹು ಆಯ್ಕೆಯ ಪರೀಕ್ಷೆಯಲ್ಲಿ ಇದನ್ನು ಕೇಳುವುದು ಕಷ್ಟ, ಕೇಳುವುದೂ ಬೇಡ. ಪ್ರಾಯೋಗಿಕ ತರಗತಿಯಲ್ಲಿ ಈಗಿರುವ ಚಟುವಟಿಕೆಗಳ ಜೊತೆಗೆ ಇದೊಂದನ್ನು ಸೇರಿಸಿ, ಗುಂಡು, ಕ್ರಿಕೆಟ್ ಚೆಂಡು ಮತ್ತು ಶಟಲ್ ಮೂರರ ಹಾದಿಯನ್ನೂ ವಿದ್ಯಾರ್ಥಿಗಳಿಂದ ಒಂದೇ ಗ್ರಾಫ್ ಹಾಳೆಯ ಮೇಲೆ ಬರೆಸಬೇಕೆಂದು ಪದವಿಪೂರ್ವ ಶಿಕ್ಷಣದ ಪಠ್ಯಕ್ರಮ ರೂಪಿಸುವವರಲ್ಲಿ ವಿನಂತಿಸುತ್ತೇನೆ.

— ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಶಿವಮೊಗ್ಗ